ಬಿಡುವು ಯಾತಕ್ಕಾಗಿ?

ಮಂಗಳೂರಿನ ಕಂಕನಾಡಿಯಲ್ಲಿ ರಾತ್ರಿಯಾಯಿತೆಂದು ಕೆಲಸ ನಿಲ್ಲುವುದಿಲ್ಲ. 1880ರಲ್ಲಿ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪಥಿ ಮದ್ದು ಕೊಡತೊಡಗಿದ್ದರಿಂದ ಬೆಳೆದ ಆಸ್ಪತ್ರೆ ಈಗ ಹಗಲಿರುಳೂ ತೆರೆದಿರುತ್ತದೆ. ಇಂಥ ಊರಿನಲ್ಲಿ ತಿಂಗಳುಗಟ್ಟಲೆ ಎಡೆಬಿಡದೆ ದುಡಿದ ದಾದಿಯೋ, ವರ್ಷಾಂತ್ಯದ ಲೆಕ್ಕ ಮುಗಿಸಿದ ಬ್ಯಾಂಕ್ ನೌಕರನೋ ರಜೆಯ ಅರ್ಜಿ ಹಿಡಿದು ಕೂತರೆ, ಪೆನ್ನು ತಡೆಯುವುದು ‘ಕಾರಣ’ ಎಂಬ ಕಾಲಮಿನ ಮುಂದೆ. ಮದುವೆ, ಗೃಹಪ್ರವೇಶ, ಜ್ವರ ಎಂದು ಬರೆಯಬಹುದು. ‘ದಣಿದಿದ್ದೇನೆ, ಸ್ವಲ್ಪ ದಿನ ಸುಮ್ಮನಿರಬೇಕು’ ಎಂದು ಬರೆಯಲು ಕೈ ಏಳುವುದಿಲ್ಲ. ಈ ಸಂಕೋಚದ ಹಿಂದೆ ಹಳೆಯ ತತ್ತ್ವಪ್ರಶ್ನೆಯೊಂದಿದೆ: ಬಿಡುವು ಇರುವುದು ಕೆಲಸಕ್ಕಾಗಿಯೋ, ಕೆಲಸ ಇರುವುದೇ ಬಿಡುವಿಗಾಗಿಯೋ?

ಗ್ರೀಸಿನ ಅರಿಸ್ಟಾಟಲ್ ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ತೋರಿಸಿದ. ಮೊದಲನೆಯದು ದಣಿವಾರಿಸಿಕೊಳ್ಳುವುದು. ಆಟ, ವಿನೋದಗಳನ್ನು ಅವನು ಮದ್ದಿನಂತೆ ಕಂಡ; ಅವು ಮನುಷ್ಯನನ್ನು ಮತ್ತೆ ದುಡಿಮೆಗೆ ಅಣಿಮಾಡುತ್ತವೆ, ಹಾಗಾಗಿ ದುಡಿಮೆಯ ಲೆಕ್ಕಕ್ಕೇ ಸೇರುತ್ತವೆ. ಎರಡನೆಯದು ವಿರಾಮ. ಅದು ಇನ್ನೊಂದಕ್ಕೆ ಮೆಟ್ಟಿಲಲ್ಲ, ತಾನೇ ಗುರಿ. ಸಂಗೀತ ಕೇಳುವುದು, ಲೋಕವನ್ನು ಬೆರಗಿನಿಂದ ನೋಡಿ ಅರಿಯುವುದು ಇದರ ಪಾಲು. ಇವುಗಳಿಂದ ಏನು ಲಾಭ ಎಂದು ಕೇಳಿದರೆ, ಪ್ರಶ್ನೆಯೇ ದಾರಿ ತಪ್ಪಿದಂತೆ.

ಆಧುನಿಕ ಕಾಲದಲ್ಲಿ ಈ ಎರಡು ದಾರಿಗಳು ಒಂದೇ ವರ್ಷ ಕಾಣಿಸಿಕೊಂಡವು. 1948ರ ನಮ್ಮ ಕಾರ್ಖಾನೆ ಕಾಯ್ದೆ ವರ್ಷವಿಡೀ ದುಡಿದ ಕಾರ್ಮಿಕನಿಗೆ, ದುಡಿದ ಪ್ರತಿ 20 ದಿನಕ್ಕೆ ಒಂದರಂತೆ ಸಂಬಳಸಹಿತ ರಜೆ ಕೊಟ್ಟಿತು. ದೊಡ್ಡ ಗೆಲುವೇ ಅದು. ಆದರೂ ಅಲ್ಲಿ ರಜೆ ದುಡಿದು ಗಳಿಸಬೇಕಾದದ್ದು. ಅದೇ ವರ್ಷ ಜರ್ಮನಿಯ ತತ್ತ್ವಜ್ಞಾನಿ ಯೋಸೆಫ್ ಪೀಪರ್ ವಿರಾಮದ ಕುರಿತ ತನ್ನ ಪುಸ್ತಕವನ್ನು ಪ್ರಕಟಿಸಿದ. ಯುದ್ಧದಲ್ಲಿ ಪುಡಿಯಾದ ದೇಶವನ್ನು ಕಟ್ಟುವ ಅವಸರದ ನಡುವೆ ಅವನು ಹೇಳಿದ್ದರ ಸಾರ ಇಷ್ಟು: ವಿರಾಮವೆಂದರೆ ಸೋಮಾರಿತನವಲ್ಲ, ಖಾಲಿ ಸಮಯವೂ ಅಲ್ಲ, ಮನಸ್ಸಿನ ಒಂದು ನಿಲುವು. ಅದರ ಬೇರು ಹಬ್ಬದಲ್ಲಿ, ಆರಾಧನೆಯಲ್ಲಿದೆ.

ಹಬ್ಬದ ಮಾತು ಕರಾವಳಿಯವರಿಗೆ ವಿವರಿಸಿ ಹೇಳಬೇಕಿಲ್ಲ. ಕಂಕನಾಡಿಯಲ್ಲಿ ಆಸ್ಪತ್ರೆ ಇರುವಂತೆ ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಗುಡಿ, ಗರೋಡಿಯೂ ಇದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಪತ್ತನಾಜೆ ಬರುತ್ತದೆ. ಅಲ್ಲಿಗೆ ದೈವಗಳ ನೇಮ, ಕೋಲಗಳ ಋತು ಮುಗಿಯಿತು. ಚಳಿಗಾಲದಿಂದ ರಾತ್ರಿಗಟ್ಟಲೆ ಕುಣಿದ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮತ್ತೆ ಋತು ತೆರೆಯುವುದು ದೀಪಾವಳಿಯ ಹೊತ್ತಿಗೆ. ಈ ಬಿಡುವಿಗೆ ಯಾರೂ ಅರ್ಜಿ ಹಾಕಬೇಕಿಲ್ಲ, ಅರ್ಹತೆ ಸಾಬೀತು ಮಾಡಬೇಕಿಲ್ಲ. ಹೆಚ್ಚು ದುಡಿದವನಿಗೂ ಕಡಿಮೆ ದುಡಿದವನಿಗೂ ಅದು ಒಂದೇ ದಿನ ಬರುತ್ತದೆ.

ಆದರೆ ಇದನ್ನು ಬರೀ ಚೆಂದದ ಮಾತಾಗಿ ಬಿಡುವಂತಿಲ್ಲ. ಅರಿಸ್ಟಾಟಲನ ವಿರಾಮ ಗುಲಾಮರ ಬೆನ್ನಿನ ಮೇಲೆ ನಿಂತಿತ್ತು. ಪತ್ತನಾಜೆಯ ನಂತರದ ಮಳೆಗಾಲ ಎಷ್ಟೋ ಕಲಾವಿದರಿಗೆ ಸಂಪಾದನೆಯಿಲ್ಲದ ಕಾಲವಾಗಿತ್ತು. ಬಿಡುವು ಇತ್ತು, ಒಲೆಯ ಮೇಲೆ ಏನಿಡುವುದೆಂಬ ಚಿಂತೆಯೂ ಇತ್ತು. ಹೊಟ್ಟೆಯ ಚಿಂತೆ ಇರುವಲ್ಲಿ ವಿರಾಮ ಅರಳುವುದಿಲ್ಲ. ಆದ್ದರಿಂದ ಕಾಯ್ದೆ ಕೊಟ್ಟ ಸಂಬಳವೂ ಬೇಕು, ಪತ್ತನಾಜೆ ಕೊಟ್ಟ ನಿಸ್ಸಂಕೋಚವೂ ಬೇಕು.

ಕಷ್ಟದ ದುಡಿಮೆ ಮುಗಿಸಿ ರಜೆ ಹಿಡಿದವರು ಮೊದಲ ಕೆಲವು ದಿನ ಮಲಗಿಯೇ ಕಳೆಯಬಹುದು. ಮದ್ದು ಬೇಕಾದಷ್ಟು ದಿನ ಮದ್ದೇ ಸರಿ. ದಣಿವು ಇಳಿದ ಮೇಲೆ ‘ಇನ್ನು ಕೆಲಸಕ್ಕೆ ಹೊರಡಬಹುದಲ್ಲ’ ಎಂದು ಮನಸ್ಸು ಅವಸರಪಡಿಸುತ್ತದೆ. ತತ್ತ್ವ ನಮ್ಮ ನೆರವಿಗೆ ಬರಬೇಕಾದದ್ದು ಆಗ. ಚೇತರಿಸಿಕೊಂಡ ಮನುಷ್ಯನಿಗೂ ಬಿಡುವಿನ ಹಕ್ಕಿದೆ. ನಿಜವಾಗಿ ನೋಡಿದರೆ, ಅದನ್ನು ಪೂರ್ತಿ ಅನುಭವಿಸಬಲ್ಲವನು ಅವನೇ.