ಅರಳಿ ಕಟ್ಟೆಗೆ ಬನ್ನಿ

ಕಾದಂಬರಿಕಾರ ಅನಕೃ ಅವರ ಹೆಸರಿನ ಮೊದಲ ಅಕ್ಷರ ಅರಕಲಗೂಡಿನದು. ಆದರೆ ಅವರು ಹುಟ್ಟಿದ್ದು 1908ರಲ್ಲಿ, ಕೋಲಾರದಲ್ಲಿ. ಮನೆತನದ ಊರು ಒಂದು, ಹುಟ್ಟಿದೂರು ಇನ್ನೊಂದು. ಇದು ತಿಳಿಯದೆ ಯಾರೋ ಊರಿನ ಮೇಲಿನ ಅಭಿಮಾನದಿಂದ ‘ಅರಕಲಗೂಡಿನಲ್ಲಿ ಜನಿಸಿದರು’ ಎಂದು ಬರೆದುಬಿಟ್ಟರೆ, ನಾಳೆ ಅದು ಶಾಲೆಯ ಮಗುವಿನ ಪ್ರಬಂಧಕ್ಕೆ ಹೋಗುತ್ತದೆ, ನಾಡಿದ್ದು ಯಾವುದೋ ಸ್ಮರಣ ಸಂಚಿಕೆಗೆ ಹೋಗುತ್ತದೆ. ಆಮೇಲೆ ಆ ಸಂಚಿಕೆಯೇ ಇನ್ನೊಬ್ಬರಿಗೆ ಆಧಾರ! ಆ ಸಾಲನ್ನು ತಿದ್ದಲು ಎರಡು ನಿಮಿಷ ಸಾಕು. ಕನ್ನಡ ವಿಕಿಪೀಡಿಯಕ್ಕಾಗಿ ದುಡಿಯುವವರು ಬಹುಪಾಲು ಮಾಡುವುದು ಇಂಥ ಎರಡು ನಿಮಿಷದ ಕೆಲಸವನ್ನೇ. ಸಂಬಳವಿಲ್ಲ, ಸಂಭಾವನೆಯಿಲ್ಲ. ಲೇಖನದ ಕೆಳಗೆ ಹೆಸರೂ ಬರುವುದಿಲ್ಲ.

ವಿಕಿಪೀಡಿಯ ಶುರುವಾದದ್ದು 2001ರ ಜನವರಿಯಲ್ಲಿ. ಕನ್ನಡದ್ದು 2003ರಲ್ಲಿ. ಇಂಗ್ಲಿಷಿನಲ್ಲಿ ಲೇಖನಗಳು 70 ಲಕ್ಷ ದಾಟಿದ್ದರೆ, 2011ರ ಜನಗಣತಿಯಂತೆ 4.37 ಕೋಟಿ ಮಂದಿಯ ಮಾತೃಭಾಷೆಯಾದ ಕನ್ನಡದಲ್ಲಿ ಇರುವುದು ಮೂವತ್ತು ಸಾವಿರ ಚಿಲ್ಲರೆ. ಬರೆಯಬಲ್ಲವರು ನಮ್ಮಲ್ಲಿ ಕಡಿಮೆಯೇನಲ್ಲ. ‘ಸಂಪಾದಿಸಿ’ ಎಂಬ ಗುಂಡಿ ತಮಗೂ ಇದೆ ಎಂದು ಹೆಚ್ಚಿನವರಿಗೆ ಅನಿಸಿಯೇ ಇಲ್ಲ, ಅಷ್ಟೇ.

ನಾನು ಮೊದಲು ತಿದ್ದಿದ್ದು ಒಂದು ಊರಿನ ಹೆಸರನ್ನು. ಇಂಗ್ಲಿಷ್ ಸ್ಪೆಲಿಂಗ್ ನೋಡಿಕೊಂಡು ಕನ್ನಡಕ್ಕೆ ಇಳಿಸಿದವರು ‘ಅರ್ಕಲ್ಗುಡ್’ ಎಂದು ಬರೆದಿದ್ದರು. ಹಾಸನದ ಬಸ್ ನಿಲ್ದಾಣದಲ್ಲಿ ದಿನಕ್ಕೆ ನೂರು ಸಲ ಕಂಡಕ್ಟರ್ ಕೂಗುವ ಹೆಸರು ಅರಕಲಗೂಡು. ಅದನ್ನು ಕೇಳಿ ಬೆಳೆದ ನನಗೆ ಈ ರೂಪವನ್ನು ಓದಲಾಗಲಿಲ್ಲ. ಇನ್ನೊಮ್ಮೆ ತಿರುಮಕೂಡಲು ನರಸೀಪುರಕ್ಕೆ ಸೇರಿದ ಮಾಹಿತಿ ಹೊಳೆನರಸೀಪುರದ ತಲೆಗೆ ಬಂದು ಕೂತಿತ್ತು. ಒಂದು ಕಾವೇರಿ–ಕಪಿಲಾ ಕೂಡುವ ಊರು, ಇನ್ನೊಂದು ಹೇಮಾವತಿಯ ದಂಡೆಯದು. ದೂರದ ಊರಿನಲ್ಲಿ ಕೂತು ಬರೆಯುವವರಿಗೆ ಎರಡೂ ನರಸೀಪುರವೇ. ಇಲ್ಲಿ ಹತ್ತಿರದವರೇ ಬೇಕು.

ಹತ್ತಿರದವರಾದ ಮಾತ್ರಕ್ಕೆ ಸಾಲದು ಎಂಬ ಪಾಠ ನನಗೆ ಆಗಿದ್ದು ರಾಮನಾಥಪುರದ ವಿಷಯದಲ್ಲಿ. ಅರಕಲಗೂಡು ತಾಲ್ಲೂಕಿನ ಈ ಊರಿನಲ್ಲಿ, ಕಾವೇರಿಯ ವಹ್ನಿ ಪುಷ್ಕರಿಣಿಯ ಬಳಿ ಮೀನುಗಳ ಹಿಂಡು ಮೆಟ್ಟಿಲಿಗೇ ಬರುತ್ತದೆ. ಚಿಕ್ಕಂದಿನಲ್ಲಿ ಅಜ್ಜಿ ನನ್ನ ಬೊಗಸೆಗೆ ಪುರಿ ಸುರಿದು, “ಹಾಕು ಮಗಾ, ಇವು ದೇವರ ಮೀನು, ಹಿಡೀಬಾರ್ದು” ಅನ್ನುತ್ತಿದ್ದರು. ಪುರಿ ನೀರಿಗೆ ಬಿದ್ದದ್ದೇ ತಡ, ನೀರೆಲ್ಲ ಕಪ್ಪು ಬೆನ್ನುಗಳಾಗಿ ಕುದಿಯುತ್ತಿತ್ತು. ಅಜ್ಜಿಯ ಮಾತನ್ನೇ ನೆಚ್ಚಿ ಒಂದು ಪ್ಯಾರಾ ಬರೆದೆ. ಮರುದಿನ ನೋಡಿದರೆ ಅದು ಇರಲಿಲ್ಲ. ‘ಆಧಾರ ಬೇಕು’ ಎಂದು ಯಾರೋ ತೆಗೆದಿದ್ದರು. ಎರಡು ದಿನ ಸಿಟ್ಟು ಇಳಿಯಲಿಲ್ಲ. ಅಜ್ಜಿಗಿಂತ ದೊಡ್ಡ ಆಧಾರ ಯಾವುದು?

ಆದರೆ ತೆಗೆದವರದೇ ಸರಿ. ನನ್ನ ಅಜ್ಜಿಯ ಮಾತಿಗೆ ಜಾಗ ಕೊಟ್ಟರೆ ಎಲ್ಲರ ಅಜ್ಜಿಯರ ಮಾತಿಗೂ ಕೊಡಬೇಕಾಗುತ್ತದೆ. ಅವು ಒಂದಕ್ಕೊಂದು ತಾಳೆಯಾಗದಿದ್ದಾಗ ತೀರ್ಮಾನ ಹೇಳುವವರು ಯಾರು? ಓದುವವರು ತಾವೇ ಹೋಗಿ ಪರೀಕ್ಷಿಸಬಹುದಾದದ್ದು ಬೇಕು. ಗ್ರಂಥಾಲಯದ ಮೂಲೆಯಲ್ಲಿ ಸ್ಥಳಪುರಾಣದ ಹಳೆಯ ಪುಸ್ತಿಕೆಯೊಂದು ಸಿಕ್ಕಿತು. ಪುಟಸಂಖ್ಯೆ ಸಮೇತ ಹಾಕಿದೆ. ಈ ಸಲ ಪ್ಯಾರಾ ಉಳಿಯಿತು.

ಪುಸ್ತಕಗಳೇ ಜಗಳವಾಡುವುದೂ ಉಂಟು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟನ ಎತ್ತರ ಒಂದರಲ್ಲಿ 57 ಅಡಿ, ಇನ್ನೊಂದರಲ್ಲಿ 58. ಪ್ರತಿಷ್ಠಾಪನೆಯ ಇಸವಿ ಒಬ್ಬರಿಗೆ 981, ಇನ್ನೊಬ್ಬರಿಗೆ 983. ನಮಗೆ ಇಷ್ಟವಾದುದನ್ನು ಉಳಿಸಿ ಮಿಕ್ಕದ್ದನ್ನು ಅಳಿಸುವಂತಿಲ್ಲ. ಯಾರು ಏನು ಹೇಳಿದ್ದಾರೆ ಎಂದು ಎರಡನ್ನೂ ಕೊಡಬೇಕು.

ಹೀಗೆ ಊರೂರು ಸುತ್ತಿ ಕಲೆಹಾಕುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಸಂಪುಟ ಬಂದದ್ದು 1902ರಲ್ಲಿ. ತಾಲ್ಲೂಕಿಗೊಂದರಂತೆ ಸರಣಿ ಮಾಡಿ ಶಾಸನದ ಕಲ್ಲುಗಳಿಗೆಲ್ಲ ಸಂಖ್ಯೆ ಕೊಟ್ಟಿದ್ದಾರೆ. ಊರಿನವರು ಬಟ್ಟೆ ಒಗೆಯಲು ಬಳಸುತ್ತಿರುವ ಕಲ್ಲಿನ ಪಾಠ ಆ ಸಂಪುಟದಲ್ಲಿ ಇದ್ದರೂ ಇದ್ದೀತು. ತೆಗೆದು ನೋಡಬೇಕು.

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಅವುಗಳ ಬಗ್ಗೆ ಬರೆಯುವವರಿಗೆ ಕೊರತೆಯಿಲ್ಲ. ನನ್ನ ಚಿಂತೆ ನುಗ್ಗೇಹಳ್ಳಿಯಂಥ ಊರುಗಳದು. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಹೊರಗೋಡೆಯ ಸುತ್ತ ನಿಧಾನವಾಗಿ ನಡೆದರೆ ಮೂರ್ತಿಗಳ ಕೆಳಗೆ ಪುಟ್ಟ ಅಕ್ಷರಗಳು ಕಾಣುತ್ತವೆ. ತೆಂಕಣ ಬದಿಯಲ್ಲಿ ಬೈಚೋಜ, ಬಡಗಣ ಬದಿಯಲ್ಲಿ ಮಲ್ಲಿತಮ್ಮ: ಯಾರು ಎಲ್ಲಿ ಕೆತ್ತಿದರು ಎಂದು ಏಳುನೂರು ವರ್ಷಕ್ಕೂ ಮಿಕ್ಕಿ ಗೋಡೆಯೇ ಹೇಳುತ್ತಿದೆ. ವಿಕಿಪೀಡಿಯದ ಪುಟದ ಮೇಲ್ಗಡೆ ‘ಇತಿಹಾಸ’ ಎಂಬುದನ್ನು ಒತ್ತಿದಾಗೆಲ್ಲ ನನಗೆ ಆ ಗೋಡೆ ನೆನಪಾಗುತ್ತದೆ. ಯಾರು, ಯಾವತ್ತು, ಯಾವ ಅಕ್ಷರ ಸೇರಿಸಿದರು, ಯಾವುದನ್ನು ತೆಗೆದರು ಎಂಬುದೆಲ್ಲ ಅಲ್ಲಿ ಸಾಲಾಗಿ ಇರುತ್ತದೆ. ನನ್ನ ಸಿಟ್ಟಿನ ಎರಡು ದಿನಗಳ ಲೆಕ್ಕವೂ ಅಲ್ಲಿದೆ.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಲೋಕದ ಕಣ್ಣು ನಮ್ಮೂರ ಕಡೆ ತಿರುಗಿತು. ಹಾಗೆ ತಿರುಗಿ ನೋಡಿದವರಿಗೆ ಹಾಸನವೆಂದರೇನು, ಇಲ್ಲಿನ ಭಾಷೆಯೇನು, ಬದುಕೇನು ಎಂದು ಹೇಳಬೇಕಾದವರು ನಾವೇ. ಪ್ರಶಸ್ತಿ ಬಂದ ಮೇಲೆ ಗಡಿಬಿಡಿಯಲ್ಲಿ ಬರೆದದ್ದಕ್ಕಿಂತ ಮೊದಲೇ ನಿಧಾನವಾಗಿ ಬರೆದಿಟ್ಟದ್ದು ಗಟ್ಟಿ.

ಕನ್ನಡ ವಿಕಿಪೀಡಿಯದಲ್ಲಿ ಸಂಪಾದಕರು ಸೇರಿ ಮಾತಾಡುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದೇ ಹೆಸರು. ಎಷ್ಟು ಚೆಂದದ ಹೆಸರು! ಸಂದೇಹವಿದ್ದರೆ ಅಲ್ಲಿ ಕೇಳಬಹುದು. ಕಲಿಯಲು ‘ಪ್ರಯೋಗಪುಟ’ ಇದೆ, ಅಲ್ಲಿ ಎಷ್ಟು ತಪ್ಪಿದರೂ ಯಾರೂ ಬೈಯುವುದಿಲ್ಲ. ಈ ಭಾನುವಾರ ನಿಮ್ಮೂರ ವೀರಗಲ್ಲಿನದೋ, ಕೆರೆ ತೂಬಿನದೋ, ಕೊಣನೂರಿನ ತೂಗುಸೇತುವೆಯದೋ ಒಂದು ಫೋಟೊ ತೆಗೆಯಿರಿ. ಅದರ ಬಗ್ಗೆ ಅಚ್ಚಾದ ಪುಸ್ತಕವೊಂದನ್ನು ಹುಡುಕಿ ಪುಟಸಂಖ್ಯೆ ಗುರುತು ಹಾಕಿಕೊಳ್ಳಿ. ಸಂಜೆ ಹೊತ್ತಿಗೆ ಎರಡು ಸಾಲು ಬರೆಯಿರಿ. ತಪ್ಪಿದರೆ ತಿದ್ದಲು ನಾವಿದ್ದೇವೆ.