ಜಡದೊಡನೆ ಜಗಳ

ಮೊನ್ನೆ ಆಟಿ ತಿಂಗಳ ಒಂದು ಮಧ್ಯಾಹ್ನ, ಮಂಗಳೂರು ಹಂಪನಕಟ್ಟೆಯ ನಮ್ಮ ಕಚೇರಿಯಲ್ಲಿ ಒಂದೇ ಪುಟದ ಕನ್ನಡ ನೋಟಿಸು ಮುದ್ರಿಸಲು ನನಗೆ ಎರಡು ಗಂಟೆ ಹಿಡಿಯಿತು. ಹೊರಗಿನಿಂದ ಬಂದ ಫೈಲು ತೆರೆದರೆ ಕನ್ನಡದ ಬದಲು ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳ ಸಂತೆ. ಹಳೆಯ ಕಾಲದ ಫಾಂಟು. ಅದರಲ್ಲಿ ಕನ್ನಡ ಇಂಗ್ಲಿಷಿನ ಮನೆಯಲ್ಲಿ ಬಾಡಿಗೆಗಿರುತ್ತದೆ. ಯುನಿಕೋಡಿನಲ್ಲಿ 1991ರಲ್ಲೇ ಸ್ವಂತ ಮನೆ ಸಿಕ್ಕಿದರೂ ಎಷ್ಟೋ ಫೈಲುಗಳು ಇನ್ನೂ ಒಕ್ಕಲೆದ್ದಿಲ್ಲ. ಹೇಗೋ ಪರಿವರ್ತಿಸಿ, ಕಳಚಿದ ಒತ್ತಕ್ಷರಗಳನ್ನು ಹೆಕ್ಕಿ ಕೂರಿಸಿದೆ. ಆಮೇಲೆ ಕಾಗದ ಸಿಕ್ಕಿಕೊಂಡಿತು. ನಮ್ಮೂರ ಮಳೆಗೆ ಕಾಗದವೂ ಹಪ್ಪಳದ ಹಾಗೆ ಮೆತ್ತಗಾಗುತ್ತದೆ, ಎರಡೆರಡು ಹಾಳೆ ತಬ್ಬಿಕೊಂಡೇ ಒಳಗೆ ಹೋಗುತ್ತವೆ. ನಾಲ್ಕನೆಯ ಸಲ ಪ್ರಿಂಟರಿನ ತಲೆಗೊಂದು ಬಡಿದು, "ನಿನಗೇನು ಧಾಡಿ ಮಾರಾಯಾ?" ಎಂದೆ.

ಅಂಗೈ ಕೆಂಪಾಗಿತ್ತು. ರಕ್ತವಲ್ಲ, ಕಳೆದ ಆಯುಧಪೂಜೆಗೆ ನಾನೇ ಹಚ್ಚಿದ ಕುಂಕುಮ. ನವರಾತ್ರಿಯಲ್ಲಿ ಕೈಮುಗಿದದ್ದಕ್ಕೆ ಆಟಿಯಲ್ಲಿ ಹೊಡೆದಿದ್ದೆ.

ಜಡಕ್ಕೆ ಧಾಡಿ ಎಲ್ಲಿಂದ? ಮಧ್ವಾಚಾರ್ಯರ ಪಂಚಭೇದವನ್ನು ಅಜ್ಜ ಬೆರಳು ಮಡಚಿ ಕಲಿಸುವಾಗ, ಕಿರುಬೆರಳಿಗೆ ಬರುತ್ತಿದ್ದ ಜಡ-ಜಡ ಭೇದ ನನಗೆ ಸಪ್ಪೆ ಎನಿಸುತ್ತಿತ್ತು. ಈಶ್ವರ ಬೇರೆ, ಜೀವ ಬೇರೆ ಎಂಬುದು ದೊಡ್ಡ ಮಾತು. ಮಡಕೆ ಬೇರೆ, ಬಟ್ಟೆ ಬೇರೆ ಎನ್ನಲು ಆಚಾರ್ಯರೇ ಬೇಕೆ? ಬೇಕು. ಫಾಂಟು ಬೇರೆ, ಪ್ರಿಂಟರು ಬೇರೆ, ಕಾಗದ ಬೇರೆ, ಎಲ್ಲವೂ ಪರತಂತ್ರ. ಒತ್ತುವ ಗುಂಡಿ ಒಂದೇ ಆದ್ದರಿಂದ ಕೆಲಸವೂ ಒಂದೇ ಎಂದು ನಾನು ನಂಬಿದ್ದೆ. ವರ್ಷದ ಲೆಕ್ಕ ತಾಳೆಯಾಗದೆ ಮೂರು ದಿನ ಕೂತಾಗ ನನಗೆ ಇಷ್ಟು ಸಿಟ್ಟು ಬರುವುದಿಲ್ಲ. ಅಲ್ಲಿ ಮೊದಲೇ ತಲೆಬಾಗಿರುತ್ತೇನೆ. ಗುಂಡಿಯ ಮುಂದೆ ಮಾತ್ರ ನಾನು ಸ್ವತಂತ್ರ.

ಇದೇ ಊರಿನಲ್ಲಿ 1843ರ ಜುಲೈ 1ರಂದು, ಇಂಥದ್ದೇ ಮಳೆಗಾಲದಲ್ಲಿ, ಹರ್ಮನ್ ಮೊಗ್ಲಿಂಗರ 'ಮಂಗಳೂರ ಸಮಾಚಾರ' ಪತ್ರಿಕೆ ಕಲ್ಲಚ್ಚಿನಲ್ಲಿ ಹೊರಬಂತು. ಕಲ್ಲಚ್ಚಿಗೆ ನೀರೇ ಜೀವ: ಒದ್ದೆಯಾದಲ್ಲಿ ಎಣ್ಣೆಶಾಯಿ ಹತ್ತದು, ಬರೆದಲ್ಲಿ ಮಾತ್ರ ಹತ್ತುತ್ತದೆ. ಪ್ರತಿ ಹಾಳೆಗೂ ಕಲ್ಲು ಒರೆಸಿ ಒದ್ದೆಮಾಡಿ, ಶಾಯಿ ಉರುಳಿಸಿ, ಒತ್ತಬೇಕು. ಕಲ್ಲಿನ ಸ್ವಭಾವ ಕೇಳಿಕೊಂಡೇ ಅಚ್ಚೊತ್ತುವವರ ಕೈ ಆಡಬೇಕಿತ್ತು. (ಅವರೂ ಬೈದಿರಬಹುದು, ಇಲ್ಲವೆನ್ನಲಾರೆ.) ನನ್ನ ಗುಂಡಿ ಆ ಸ್ವಭಾವವನ್ನೇ ನನ್ನಿಂದ ಮುಚ್ಚಿಟ್ಟಿದೆ, ಕಾಗದ ಸಿಕ್ಕಿಕೊಂಡಾಗಷ್ಟೇ ಮುಚ್ಚಳ ತೆಗೆದು ಒಳಗೆ ಯಾರಿದ್ದಾರೆಂದು ನೋಡುತ್ತೇನೆ.

ಈಗ ಕಾಗದದ ಕಟ್ಟನ್ನು ಬಲ್ಬು ಉರಿಯುವ ಕಪಾಟಿನಲ್ಲಿಡುತ್ತೇನೆ. ಯಾರೋ ಅದರ ಪಕ್ಕ ಹಪ್ಪಳದ ಡಬ್ಬವನ್ನೂ ತಂದಿಟ್ಟಿದ್ದಾರೆ.