ಹಳೆಯ ಹರಿಗೋಲಿನ ನೆನಪು

ತಿರುಮಕೂಡಲಿನಲ್ಲಿ, ಕಪಿಲೆ ಕಾವೇರಿಯನ್ನು ಸೇರುವೆಡೆ, ಎಪ್ಪತ್ತು ದಾಟಿದ ಅಂಬಿಗರೊಬ್ಬರ ಫೈಬರಿನ ಹರಿಗೋಲಿನಲ್ಲಿ ಕುಳಿತಿದ್ದೆ. ದಾರಿಯುದ್ದಕ್ಕೂ ಅವರು ಹೊಗಳಿದ್ದು ಮಾತ್ರ ತಮ್ಮ ಹಳೆಯ ಚರ್ಮದ ಹರಿಗೋಲನ್ನು. “ಅದು ಹೇಳಿದ ಮಾತು ಕೇಳೋದು ಮೇಷ್ಟ್ರೇ” ಎಂದರು, ಮನೆಯ ಎತ್ತನ್ನು ಕುರಿತು ಹೇಳುವಂತೆ.

ಈ ಪ್ರೀತಿ ಸುಳ್ಳಲ್ಲ. ಬಿದಿರನ್ನು ಸೀಳಿ, ಹೆಣೆದು, ಬಾಯಂಚನ್ನು ಬಿಗಿದು, ಹೊರಗೆ ಚರ್ಮವನ್ನು ಹೊದಿಸಿ ಹೊಲಿಯುತ್ತಿದ್ದರು. ಕೆಲಸ ಮುಗಿದ ಮೇಲೆ ದಡಕ್ಕೆಳೆದು ಬೋರಲು ಹಾಕಿ ಒಣಗಿಸದಿದ್ದರೆ ಚರ್ಮ ಕೊಳೆಯುತ್ತಿತ್ತು. ದಿನವೂ ಕೈಯಾರೆ ನೋಡಿಕೊಂಡ ವಸ್ತುವಿನ ಮೇಲೆ ಮಮತೆ ಬೆಳೆಯದೆ ಇರುತ್ತದೆಯೆ? ಹೊಸದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೊಳೆಯದ ಹರಿಗೋಲು ಬಡ ಅಂಬಿಗನಿಗೆ ಉಪಕಾರವೇ ಸರಿ. ಆದರೆ ಆರೈಕೆಯನ್ನು ಬೇಡದ್ದು ಅಕ್ಕರೆಯನ್ನೂ ಪಡೆಯುವುದಿಲ್ಲ.

1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂಥ ಈ ಚರ್ಮದ ದೋಣಿಗಳಲ್ಲಿ 15-20 ಜನ ಹಿಡಿಸುತ್ತಿದ್ದರೆಂದೂ, ಅವು ನೆಟ್ಟಗೆ ಸಾಗದೆ ಸುತ್ತುತ್ತಲೇ ಇರುತ್ತಿದ್ದುವೆಂದೂ ಬರೆದಿದ್ದಾನೆ. ಇದನ್ನು ಹೇಳಿದಾಗ ನಮ್ಮ ಅಂಬಿಗರು ನಕ್ಕು, “ಹುಟ್ಟು ಹಾಕೋಕೆ ಬರದೋರು ಸಿಕ್ಕಿರಬೇಕು” ಎಂದುಬಿಟ್ಟರು.

“ನಿಮ್ಮ ಹರಿಗೋಲಿಗೆ ಚರ್ಮ ಹದಮಾಡಿ ಕೊಡುತ್ತಿದ್ದವರು ಯಾರು?” ಎಂದು ಕೇಳಿದೆ.

ಅಲ್ಲಿಯವರೆಗೆ ತಡೆಯಿಲ್ಲದೆ ಹರಿದ ಮಾತು ನಿಂತಿತು. “ಕೇರಿಯಿಂದ ಒಬ್ಬ ತರ್ತಿದ್ದ. ಹೆಸರು ಯಾರು ಕೇಳ್ತಿದ್ರು?”

ಈ ಉತ್ತರ ನನ್ನನ್ನು ಕಾಡುತ್ತಿದೆ. ಹೊಳೆಯ ನಡುವೆ ಆ ಚರ್ಮದ ಮೇಲೆ ಜನ ಮರುಮಾತಿಲ್ಲದೆ ಕುಳಿತರು. ಅದನ್ನು ಹದಮಾಡಿದವನನ್ನು ಊರ ಹೊರಗೆ ಇಟ್ಟರು. ಈಗ ಹರಿಗೋಲು ಹೋಗಿದೆ, ಅದರ ಸೊಗಸನ್ನು ನೆನೆಯುತ್ತೇವೆ. ಈ ನೆನಪನ್ನು ಕೃತಜ್ಞತೆ ಎಂದು ಕರೆಯಬಹುದೆ? ಕೃತಜ್ಞತೆಗೆ ಎದುರಿಗೊಬ್ಬ ಮನುಷ್ಯ ಬೇಕು. ಮನುಷ್ಯನನ್ನು ಬಿಟ್ಟು ವಸ್ತುವನ್ನಷ್ಟೇ ಮುದ್ದಿಸುವ ನೆನಪು, ನಾವು ಅಂದು ಮಾಡಿದ ಅನ್ಯಾಯವನ್ನೇ ಮತ್ತೊಮ್ಮೆ, ಈ ಸಲ ಸುಖವಾಗಿ, ಮಾಡುತ್ತದೆಂದು ನನಗೆ ತೋರುತ್ತದೆ.

ಅಂಬಿಗರನ್ನು ಆಕ್ಷೇಪಿಸಲು ನನಗೇನು ಅಧಿಕಾರ? ನಮ್ಮ ತಗಡೂರು ಖಾದಿಗೆ ಹೆಸರಾದ ಊರು. ಅಸ್ಪೃಶ್ಯತೆಯ ವಿರುದ್ಧ ಕೈಗೊಂಡ ಪ್ರವಾಸದಲ್ಲಿ ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಿದ್ದರು. ಅಜ್ಜನ ಖಾದಿ ಪಂಚೆಯೊಂದು ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಅದರ ನೇಯ್ಗೆಯನ್ನು ಬಂದವರಿಗೆಲ್ಲ ತೋರಿಸಿ ಹೊಗಳಿದ್ದೇನೆ, ತರಗತಿಯಲ್ಲಿ ಅದರ ಮಾತೆತ್ತಿ ಹುಡುಗರಿಗೆ ಉಪದೇಶವನ್ನೂ ಮಾಡಿದ್ದೇನೆ. ನೂತವರು ಯಾರು, ನೇಯ್ದವರು ಯಾರು ಎಂದು ಅಜ್ಜ ಇದ್ದಾಗ ಕೇಳಲಿಲ್ಲ. ಈಗ ಹೇಳುವವರಿಲ್ಲ.

ದಡ ಸೇರಿ ಇಳಿಯುವಾಗ ಅಂಬಿಗರು ನನ್ನನ್ನು ತಡೆದರು. “ಒಂದು ಜ್ಞಾಪಕಕ್ಕೆ ಬಂತು ಮೇಷ್ಟ್ರೇ. ಆಯಪ್ಪನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚರ್ಮ ಎಳೆದು ಹಿಡಿಯುವಾಗ ನೋಡಿದ್ದೆ.”

ಇನ್ನೂ ಸ್ವಲ್ಪ ಹೊತ್ತು ಕಾದೆವು. ಹೆಸರು ಮಾತ್ರ ಹೊಳೆಯಲಿಲ್ಲ.